ದೊರೆಸಾನಿಯ ಹಿತ್ತಲ ಬೇಲಿ

ಮಾರ್ಚ್ 4, ಮಂಗಳವಾರ

ಮಂಡಿ ನೋವು: ಹತ್ತಕ್ಕೆ ಆರು.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಈ ನೋಟ್‌ಬುಕ್ ಕೊಟ್ಟು, ದಿನಾ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆದಿಡಿ ಎಂದಿದ್ದಾಳೆ. ಬರೆದೆ. ಉಳಿದ ಹಾಳೆಯೆಲ್ಲ ಖಾಲಿ ಬಿದ್ದಿದೆ. ಹೊಟ್ಟೆಯೊಳಗಿರುವುದನ್ನು ಮನೆಯವರ ಮುಂದೆ ಹೇಳಿದರೆ ನಗುತ್ತಾರೆ, ಕೆಲಸದವರ ಮುಂದೆ ಹೇಳಿದರೆ ಊರೆಲ್ಲ ಹಬ್ಬುತ್ತದೆ. ಇಲ್ಲಿ ಬರೆದರೆ ಕೇಳುವವರಿಲ್ಲ.

ಆಪರೇಷನ್ ಆಗಿ ಆರು ವಾರ ಮನೆಯಲ್ಲಿ ಬಿದ್ದಿದ್ದವಳು ಇವತ್ತು ಪ್ರಾಣಿ ಉದ್ಯಾನಕ್ಕೆ ವಾಪಸು ಹೋದೆ. ಹತ್ತೊಂಬತ್ತು ವರ್ಷ ಘೇಂಡಾಮೃಗದ ಮನೆಗೆ ನಡೆದ ಕಾಲು ಕೋಲೂರಿಕೊಂಡಾದರೂ ತಾನಾಗಿ ಆ ಕಡೆಗೇ ತಿರುಗಿತು. ಉದ್ಯಾನದ ಸಾಹೇಬರು ದಾರಿಯಲ್ಲೇ ಹಿಡಿದು ನಿಲ್ಲಿಸಿದರು. ಡಾಕ್ಟರ ಚೀಟಿಯಲ್ಲಿ ಒದ್ದೆ ನೆಲ ಬೇಡ, ಭಾರ ಬೇಡ, ದೊಡ್ಡ ಪ್ರಾಣಿಯ ಹತ್ತಿರ ಬೇಡ ಎಂದಿದೆಯಂತೆ. ತಿಂಗಳ ಕೊನೆಗೆ ಯಾರು ಎಲ್ಲಿ ಎಂದು ಖಾಯಂ ಮಾಡುತ್ತಾರಂತೆ. ಅಲ್ಲಿಯವರೆಗೆ ನನಗೆ ಟಿಕೆಟ್ ಕೋಣೆ.

ಆ ಕೋಣೆಯಲ್ಲಿ ಹನ್ನೊಂದು ವರ್ಷ ಕೂತಿದ್ದವಳು ಯಾರು? ನನ್ನ ಒಡಹುಟ್ಟಿದ ತಂಗಿ. ಈಗ ನನ್ನ ಘೇಂಡಾಮೃಗ ದೊರೆಸಾನಿಯ ಹತ್ತಿರ ನಿಂತಿರುವವಳು ಯಾರು? ಅವಳೇ. ನಾನು ಅವಳ ಕುರ್ಚಿಯಲ್ಲಿ, ಅವಳು ನನ್ನ ಗಮ್‌ಬೂಟಿನಲ್ಲಿ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ನನ್ನ ಗಮ್‌ಬೂಟನ್ನೇ ಹಾಕಿಕೊಂಡಿದ್ದಾಳೆ. ಇಬ್ಬರದೂ ಒಂದೇ ಅಳತೆಯ ಪಾದ.

ಯಾರನ್ನು ಬೈಯಲಿ? ಆಪರೇಷನ್‌ಗೆ ದಿನ ಗೊತ್ತಾದಾಗ, ಹೊರಗಿನವರು ಯಾರೂ ಬೇಡ, ನನ್ನ ತಂಗಿಗೇ ಕಲಿಸಿಕೊಟ್ಟು ಹೋಗುತ್ತೇನೆ ಎಂದು ಸಾಹೇಬರ ಮುಂದೆ ಹಲ್ಲು ಕಿರಿದವಳು ನಾನೇ.

ಮಾರ್ಚ್ 6, ಗುರುವಾರ

ನೋವು: ಆರು. ಅಥವಾ ಏಳು.

ಟಿಕೆಟ್ ಕೋಣೆಯ ಕಿಟಕಿಯಲ್ಲಿ ಒಂದು ದುರಭ್ಯಾಸವಿದೆ. ಅಲ್ಲಿ ಕೂತರೆ ದೊರೆಸಾನಿಯ ಅಂಗಳ ಪೂರ್ತಿ ಕಾಣುತ್ತದೆ. ನೋಡಬಾರದು ಎಂದು ಕುರ್ಚಿ ತಿರುಗಿಸಿದೆ. ಕತ್ತು ನೋಯಿತು, ಮತ್ತೆ ತಿರುಗಿಸಿಕೊಂಡೆ.

ಬಂದವರಿಗೆಲ್ಲ ಗಿಣಿಪಾಠ ಒಪ್ಪಿಸಬೇಕು. 'ಹತ್ತಿರದ ಭೇಟಿ'ಗೆ ಬೇರೆ ಟಿಕೆಟ್, ಒಂದು ಸಲಕ್ಕೆ ಎಂಟೇ ಜನ, ಕೈ ತೊಳೆದುಕೊಳ್ಳಬೇಕು, ಹಳದಿ ಗೆರೆ ದಾಟಬಾರದು, ಪಾಲಕರು ಹೇಳಿದಾಗ ಮಾತ್ರ ಕಂಬಿಯ ಸಂದಿಯಿಂದ ಕಿವಿಯ ಹಿಂದೆ ಮುಟ್ಟಬಹುದು. ಹೆಸರು ದೊರೆಸಾನಿ, ವಯಸ್ಸು ಮೂವತ್ತನಾಲ್ಕು, ತೂಕ ಎರಡು ಟನ್ನಿಗೆ ಸ್ವಲ್ಪ ಕಡಿಮೆ, ಕಣ್ಣು ಮಂದ, ಮೂಗು ಮತ್ತು ಕಿವಿ ಚುರುಕು. ಇವರ ಕುಲದಲ್ಲಿ ಭೂಮಿಯ ಮೇಲೆ ಉಳಿದವರು ಬಹಳ ಕಡಿಮೆ. ಇದನ್ನೆಲ್ಲ ಹೇಳುವಾಗ, ಸ್ವಂತ ಮಗಳ ಜಾತಕವನ್ನು ಬೇರೆಯವರಿಗೆ ಮಾರುತ್ತಿರುವಂತೆ ಅನ್ನಿಸಿತು.

ಹನ್ನೊಂದು ಗಂಟೆಯ ಭೇಟಿಯಲ್ಲಿ ನನ್ನ ತಂಗಿ ಕೆಂಪು ಚೆಂಡು ಕಟ್ಟಿದ ಕೋಲು ಎತ್ತಿದಳು. ದೊರೆಸಾನಿ ಬಂದು ಚೆಂಡಿಗೆ ಮೂಗು ತಾಗಿಸಿದಳು. ಸೀಟಿ. ಸೀಟಿ ಎಂದರೆ ಮಾಡಿದ್ದು ಸರಿ ಎಂದು. ಆಮೇಲೆ ಒಂದು ಚೂರು ಕ್ಯಾರೆಟ್. ಇಷ್ಟು ನಾನೇ ಕಲಿಸಿದ್ದು, ಎರಡು ಕಡೆಯವರಿಗೂ. ಆಮೇಲೆ ದೊರೆಸಾನಿ ಗದ್ದವನ್ನು ಅಡ್ಡ ಕಂಬಿಯ ಮೇಲಿಟ್ಟು ಬಾಯಿ ತೆರೆದಳು. ತೆರೆದು, ಮುಚ್ಚದೆ ಹಾಗೇ ನಿಂತಳು, ನನ್ನ ತಂಗಿ ಒಳಗೆ ಟಾರ್ಚು ಹಾಕಿ ಹಲ್ಲು ನೋಡುವವರೆಗೆ.

ಬಾಯಿ ತೆರೆಸಲು ನಾನು ಎರಡು ವರ್ಷ ಹೆಣಗಿ ಕೈಬಿಟ್ಟಿದ್ದೆ. ಇವಳು ಆರು ವಾರದಲ್ಲಿ ಮಾಡಿಸಿದ್ದಾಳೆ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಯಾರಿಗೋ ಐದರ ಬದಲು ಆರು ಟಿಕೆಟ್ ಹರಿದುಕೊಟ್ಟೆ.

ಮಾರ್ಚ್ 9, ಭಾನುವಾರ

ನೋವು: ಏಳು.

ಜನವೋ ಜನ. ಭೇಟಿ ಮುಗಿಸಿ ಬಂದವರೆಲ್ಲ ಹೊರಗೆ ಹೋಗುವಾಗ ನನ್ನ ಕಿಟಕಿಯ ಮುಂದೆ ನಿಂತು ಅದನ್ನೇ ಹೇಳುತ್ತಾರೆ. ಆ ಮೇಡಮ್ಮು ಎಷ್ಟು ತಾಳ್ಮೆಯವರು, ಆ ಪ್ರಾಣಿಗೆ ಅವರೆಂದರೆ ಪ್ರಾಣವಂತೆ. ಹೌದು ಹೌದು ಎಂದೆ. ಹಲ್ಲು ಕಡಿದು ಕಡಿದು ದವಡೆ ನೋವು ಬಂದಿದೆ, ಅದಕ್ಕೆ ಅಂಕ ಬರೆಯಲು ಹುಡುಗಿ ಹೇಳಿಲ್ಲ.

ಇವಳು ಹುಟ್ಟಿದಾಗಿನಿಂದ ಹೀಗೇ. ನಾನು ಅತ್ತು ಕರೆದು ತೆಗೆಸಿಕೊಂಡ ಲಂಗ ಅವಳ ಮೈಗೆ ಹೆಚ್ಚು ಒಪ್ಪುತ್ತಿತ್ತು. ನಾನು ವಾರವೆಲ್ಲ ಓದಿದ್ದನ್ನು ಅವಳು ಪಕ್ಕದಲ್ಲಿ ಕೂತು ಕೇಳಿಸಿಕೊಂಡೇ ಒಪ್ಪಿಸುತ್ತಿದ್ದಳು. ಅಮ್ಮ ನಗುತ್ತಿದ್ದಳು. ನನ್ನದು ಅಂತ ಒಂದಿತ್ತು, ಅಮ್ಮ ಕೊಟ್ಟದ್ದಲ್ಲ, ಯಾರೂ ಹಂಚಿಕೊಡಲಾಗದ್ದು. ಬೆಳಿಗ್ಗೆ ನಾನು ನಾಲಿಗೆಯಿಂದ ಎರಡು ಸಲ ಟಕ್ ಟಕ್ ಎಂದರೆ ಸಾಕು, ಎಲ್ಲಿದ್ದರೂ ಕಿವಿ ನಿಮಿರಿಸಿಕೊಂಡು ಬರುತ್ತಿದ್ದ ಆ ಬೂದು ಬಣ್ಣದ ಬೆಟ್ಟ. ಅದನ್ನೂ ಒಪ್ಪಿಸಿಬಿಟ್ಟೆ.

ಮನೆಯವರು ಗಡಿಯಾರ ರಿಪೇರಿ ಮಾಡುವವರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನನ್ನ ಮುಖ ನೋಡಿದರು. "ಮಂಡಿಗೆ ಮಾತ್ರೆ ಬರೆದ್ರಲ್ಲ ಡಾಕ್ಟ್ರು, ಹೊಟ್ಟೆಕಿಚ್ಚಿಗೆ ಏನೂ ಬರೀಲಿಲ್ವಾ?" ಎಂದರು.

ಮಾರ್ಚ್ 12, ಬುಧವಾರ

ಇವತ್ತು ಒಂದು ಕೆಲಸ ಮಾಡಿದೆ.

ಒಂದು ಗಂಟೆಗೆ ಟಿಕೆಟ್ ಕೋಣೆ ಮುಚ್ಚುತ್ತೇವೆ. ತಂಗಿ ಊಟಕ್ಕೆ ಕ್ಯಾಂಟೀನಿಗೆ ಹೋಗುತ್ತಾಳೆ. ನಾನು ಕೋಲೂರಿಕೊಂಡು ಮೇವಿನ ಗೋದಾಮಿನ ಹಿಂದೆ ಸುತ್ತಿ, ದೊರೆಸಾನಿಯ ಅಂಗಳದ ಹಿತ್ತಲ ಬೇಲಿಗೆ ಹೋದೆ. ಅಲ್ಲಿ ಜನ ಬರುವುದಿಲ್ಲ. ಕೈಚೀಲದಲ್ಲಿ ಮನೆಯಿಂದ ತಂದ ನಾಲ್ಕು ಕ್ಯಾರೆಟ್ ಇದ್ದವು. ಊಟದ ಡಬ್ಬಿಗೆಂದು ತಂದದ್ದು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಅವಳಿಗೆಂದೇ ತಂದದ್ದು.

ಟಕ್ ಟಕ್ ಎಂದೆ. ಅಂಗಳದ ಆ ತುದಿಯಲ್ಲಿ ಕೆಸರಿನಲ್ಲಿ ಮಲಗಿದ್ದವಳು ಎದ್ದಳು. ಅವಳ ವಯಸ್ಸಿಗೆ ಏಳುವುದೆಂದರೆ ಸುಲಭವಲ್ಲ, ಮುಂಗಾಲು ಊರಿ, ನಿಂತು, ಉಸಿರು ಬಿಟ್ಟು, ಆಮೇಲೆ ಹಿಂಗಾಲು. ಎದ್ದು ನೆಟ್ಟಗೆ ನನ್ನ ಹತ್ತಿರ ಬಂದಳು. ತಂತಿಗೆ ಮೂತಿ ಒತ್ತಿ ಮರಿಯಂತೆ ಸಣ್ಣಗೆ ಕುಂಯ್ ಎಂದಳು. ನನಗೆ ಅಳು ಬಂತು.

ತಂಗಿಗೆ ನಾನು ಕಲಿಸಿದ ಮೊದಲ ಪಾಠವೇ ಇದು, ತಿನ್ನಲು ಕೊಡುವುದು ಕಂಬಿಯ ಹತ್ತಿರ ಮಾತ್ರ, ಬೇರೆಲ್ಲಿಯೂ ಪಾಲಕರ ಕೈ ಖಾಲಿ ಇರಬೇಕು ಎಂದು. ಹತ್ತು ಸಲ ಬಾಯಿಪಾಠ ಮಾಡಿಸಿದ್ದೆ. ನಾಲ್ಕು ಕ್ಯಾರೆಟ್‌ನಿಂದ ಏನು ಮುಳುಗುತ್ತದೆ?

ಮಾರ್ಚ್ 13, ಗುರುವಾರ

ಹೋದೆ. ಬಂದಳು. ನೋವು: ಮೂರು.

ಮಾರ್ಚ್ 14, ಶುಕ್ರವಾರ

ಹೋದೆ. ನನಗಿಂತ ಮೊದಲೇ ಬಂದು ನಿಂತಿದ್ದಳು.

ಮಾರ್ಚ್ 16, ಭಾನುವಾರ

ನೋವು: ಎರಡು. ಮೆಟ್ಟಿಲು ಇಳಿಯುವಾಗ ಕೂಡ ಇರಲಿಲ್ಲ.

ಮೂರು ಗಂಟೆಯ ಭೇಟಿಗೆ ಎಂಟು ಜನರನ್ನು ಕರೆದುಕೊಂಡು ಹೋಗಿ ಹಳದಿ ಗೆರೆಯ ಹತ್ತಿರ ಬಿಟ್ಟು, ವಾಪಸು ಬರುವಾಗ ಗೋದಾಮಿನ ದಾರಿ ಹಿಡಿದೆ. ಬೇಲಿಯ ಹತ್ತಿರ ನಿಂತೆ. ಆ ಕಡೆ ತಂಗಿ ಮೈಕಿನಲ್ಲಿ, ಈಗ ದೊರೆಸಾನಿ ಬಾಯಿ ತೆರೆದು ತೋರಿಸ್ತಾಳೆ ಎನ್ನುತ್ತಿದ್ದಳು. ನಾನು ಟಕ್ ಟಕ್ ಎಂದೆ.

ಜೋರಾಗಿ ಏನೂ ಅಲ್ಲ. ಮನುಷ್ಯರಿಗೆ ಕೇಳಿಸುವಷ್ಟಿಲ್ಲ.

ದೊರೆಸಾನಿ ಗದ್ದ ಎತ್ತಿದಳು, ತಿರುಗಿದಳು, ಎಂಟು ಜನರಿಗೂ ತನ್ನ ಹಿಂಭಾಗ ತೋರಿಸಿ ನನ್ನ ಹತ್ತಿರ ನಡೆದು ಬಂದಳು. ಆ ಕಡೆ ಕರೆಯ ಮೇಲೆ ಕರೆ. ಮೈಕಿನಲ್ಲಿ ತಂಗಿ, ಇವತ್ತು ಅವಳಿಗೆ ಮೂಡ್ ಇಲ್ಲ ಕ್ಷಮಿಸಿ ಎಂದಳು. ಯಾರೋ ಕೊಟ್ಟ ದುಡ್ಡು ದಂಡ ಎಂದದ್ದು ನನಗೂ ಕೇಳಿಸಿತು.

ಹೊಟ್ಟೆ ತಣ್ಣಗಾಯಿತು. ಹೌದು, ತಣ್ಣಗಾಯಿತು, ಇಲ್ಲಿ ಯಾಕೆ ಮುಚ್ಚಿಡಲಿ? ತಿಂಗಳ ಕೊನೆಗೆ ಸಾಹೇಬರು ಯಾರು ಎಲ್ಲಿ ಎಂದು ನಿರ್ಧರಿಸುವಾಗ, ಯಾರಿಲ್ಲದೆ ಆ ಮನೆ ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತಿರಲಿ.

ಮಾರ್ಚ್ 20, ಗುರುವಾರ

ಈಗ ನಾನು ಕರೆಯುವುದೇ ಬೇಕಿಲ್ಲ. ಭೇಟಿಯ ನಡುವೆ ಎರಡು ಮೂರು ಸಲ ಅವಳೇ ಹೋಗಿ ಹಿತ್ತಲ ಬೇಲಿ ಮೂಸಿ ಬರುತ್ತಾಳೆ. ಇವತ್ತು ಸಾಹೇಬರು ಖುದ್ದಾಗಿ ನಿಂತು ನೋಡಿದರು. ಏನೋ ಬರೆದುಕೊಂಡು ಹೋದರು. ಅದೇ ಒಳ್ಳೆಯದು.

ಸಂಜೆ ತಂಗಿ ಮನೆಗೆ ಬಂದಳು. ಚಹಾ ಮಾಡಿಕೊಟ್ಟೆ. ತಾನೇನು ತಪ್ಪು ಮಾಡುತ್ತಿದ್ದೇನೆ ಎಂದು ಕೇಳಿದಳು. ಕ್ಯಾರೆಟ್ ಚೂರು ಚಿಕ್ಕದು ಮಾಡಿ ನೋಡಿದಳಂತೆ, ದೊಡ್ಡದು ಮಾಡಿ ನೋಡಿದಳಂತೆ, ಸೋಪು ಬದಲಾಯಿಸಿದಳಂತೆ, ಗಮ್‌ಬೂಟು ಎರಡು ಸಲ ತೊಳೆದಳಂತೆ. ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರು. ಚಿಕ್ಕಂದಿನಲ್ಲೂ ಹೀಗೇ, ಅಳುವ ಮುಂಚೆ ಮೂಗಿನ ತುದಿ ಕೆಂಪಾಗುತ್ತದೆ.

ಪ್ರಾಣಿಗಳಿಗೆ ಮನುಷ್ಯರ ಅಳುಕು ಗೊತ್ತಾಗುತ್ತದೆ, ಗಟ್ಟಿಯಾಗಿರು ಎಂದು ಬುದ್ಧಿ ಹೇಳಿದೆ. ಅವಳು ತಲೆಯಾಡಿಸಿದಳು. ಹೋಗುವಾಗ ನನ್ನ ಮಂಡಿ ಹೇಗಿದೆ ಎಂದು ಕೇಳಿದಳು, ಬಿಸಿನೀರಿನ ಚೀಲ ತಂದಿದ್ದಳು. ಚೀಲ ಚೆನ್ನಾಗಿದೆ. ಬಳಸಲು ಮನಸ್ಸಾಗಲಿಲ್ಲ.

ಮಾರ್ಚ್ 23, ಭಾನುವಾರ

ದೊರೆಸಾನಿಯ ಎಡಗಣ್ಣಿನಲ್ಲಿ ನೀರು. ಬೇಲಿಯ ಹತ್ತಿರ ಬಂದಾಗ ನೋಡಿದೆ. ಕಣ್ಣು ಪೂರ್ತಿ ತೆರೆಯುತ್ತಿಲ್ಲ. ಹುಲ್ಲಿನ ಕಡ್ಡಿ ಚುಚ್ಚಿರಬಹುದು. ತಂಗಿ ಗಮನಿಸಿದ್ದಾಳೋ ಇಲ್ಲವೋ? ನಾನು ಹೇಳಿದರೆ ನೀನೆಲ್ಲಿ ನೋಡಿದೆ ಎನ್ನುತ್ತಾಳೆ.

ಕ್ಯಾರೆಟ್ ಕೊಟ್ಟು ಬಂದೆ.

ಮಾರ್ಚ್ 25, ಮಂಗಳವಾರ

ತಂಗಿ ಗಮನಿಸಿದ್ದಳು, ಭಾನುವಾರ ಬೆಳಿಗ್ಗೆಯೇ, ನನಗಿಂತ ಮೊದಲು. ಇವತ್ತು ಪ್ರಾಣಿ ಡಾಕ್ಟರು ನೋಡಿದರು. ಕಣ್ಣಿನ ಕಪ್ಪು ಭಾಗದ ಮೇಲೆ ಹುಣ್ಣಾಗಿದೆ. ದಿನಕ್ಕೆ ನಾಲ್ಕು ಸಲ ಔಷಧಿಯ ಹನಿ ಹಾಕಬೇಕು, ಒಂದು ಸಲವೂ ತಪ್ಪಬಾರದು. ಹುಣ್ಣು ಒಡೆದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಅದಕ್ಕೆ ಅರಿವಳಿಕೆ ಕೊಟ್ಟು ಮಲಗಿಸಬೇಕು. ಈ ವಯಸ್ಸಿನ ಈ ತೂಕದ ಪ್ರಾಣಿ ಮಲಗಿದರೆ ತನ್ನ ಭಾರಕ್ಕೆ ತಾನೇ ಏಳಲಾರದೆ ಹೋಗಬಹುದು ಎಂದರಂತೆ ಡಾಕ್ಟರು.

ಹನಿ ಹಾಕಬೇಕಾದರೆ ಅವಳು ಗದ್ದವನ್ನು ಕಂಬಿಯ ಮೇಲಿಟ್ಟು ಹತ್ತು ಎಣಿಸುವಷ್ಟು ಹೊತ್ತು ಅಲ್ಲಾಡದೆ ನಿಲ್ಲಬೇಕು. ಇಡೀ ದಿನ ತಂಗಿ ಪ್ರಯತ್ನಿಸಿದಳು. ಮೂರು ಎಣಿಸುವಷ್ಟರಲ್ಲಿ ದೊರೆಸಾನಿ ತಲೆ ಎತ್ತಿ ಹಿತ್ತಲ ಬೇಲಿಗೆ ನಡೆಯುತ್ತಾಳೆ. ನಾಲ್ಕು ಸಲದಲ್ಲಿ ಒಂದು ಹನಿ ಬಿತ್ತು, ಅದೂ ಕೆನ್ನೆಯ ಮೇಲೆ.

ನಾನು ಕಿಟಕಿಯಲ್ಲಿ ಕೂತು ಎಲ್ಲ ನೋಡಿದೆ.

ಮಾರ್ಚ್ 26, ಬುಧವಾರ

ಸಾಹೇಬರೇ ಟಿಕೆಟ್ ಕೋಣೆಗೆ ಬಂದರು. ಡಾಕ್ಟರ ಚೀಟಿ ಪಕ್ಕಕ್ಕಿಡಿ, ನೀವೇ ಬನ್ನಿ ಎಂದರು. ಇದಕ್ಕಾಗಿ ಮೂರು ವಾರ ಕಾದಿದ್ದೆ!

ತಂಗಿ ಗಮ್‌ಬೂಟು ಬಿಚ್ಚಿಕೊಟ್ಟಳು, ಒಳಗೆ ಇನ್ನೂ ಬೆಚ್ಚಗಿತ್ತು. ನಾನು ಟಕ್ ಟಕ್ ಎಂದೆ. ದೊರೆಸಾನಿ ಬಂದಳು, ಗದ್ದ ಇಟ್ಟಳು, ಕಲ್ಲಿನಂತೆ ನಿಂತಳು. ಹನಿ ಬಿತ್ತು. ಡಾಕ್ಟರು ಚಪ್ಪಾಳೆ ತಟ್ಟಿದರು. ಸಾಹೇಬರು, ಹಳೆಯ ಕೈ ಹಳೆಯ ಕೈಯೇ ಎಂದರು. ನಾಲ್ಕು ಸಲಕ್ಕೆ ನಾಲ್ಕು ಸಲವೂ ಆಯಿತು. ನನ್ನ ತಂಗಿ ಕ್ಯಾರೆಟ್ ಬಟ್ಟಲು ಹಿಡಿದುಕೊಂಡು ಹಿಂದೆ ನಿಂತಿದ್ದಳು. ಒಳ್ಳೆಯದಾಯಿತು ಅಕ್ಕಾ ಎಂದಳು. ಅವಳ ಮುಖ ನೋಡಬೇಕಿತ್ತು.

ನೋಡಿದೆ. ನಾನು ಅಂದುಕೊಂಡಷ್ಟು ಖುಷಿ ಆಗಲಿಲ್ಲ. ದಣಿವಿರಬೇಕು.

ಮಾರ್ಚ್ 27, ಗುರುವಾರ

ಬೆಳಿಗ್ಗೆಯ ಹನಿ ಸರಿಯಾಗಿ ಆಯಿತು. ಎರಡನೆಯ ಸಲ ನಾನು ಕಂಬಿಯ ಸಂದಿಯಲ್ಲಿ ಕೈ ಹಾಕಿ ರೆಪ್ಪೆ ಎತ್ತಿದ್ದೆ. ಹೊರಗೆ ಯಾವುದೋ ಗಾಡಿ ಸದ್ದು ಮಾಡಿತು. ದೊರೆಸಾನಿ ತಲೆ ಝಾಡಿಸಿದಳು. ಅಂಥ ಹೊತ್ತಿನಲ್ಲಿ ಪಾಲಕರು ಒಂದು ಹೆಜ್ಜೆ ಹಿಂದೆ ಹಾರಬೇಕು, ಇಷ್ಟೇ, ಹತ್ತೊಂಬತ್ತು ವರ್ಷದಲ್ಲಿ ಸಾವಿರ ಸಲ ಹಾರಿದ್ದೇನೆ. ಇವತ್ತು ಮಂಡಿ ಹಿಡಿದುಕೊಂಡಿತು. ಹೆಜ್ಜೆ ಬರಲೇ ಇಲ್ಲ.

ತಂಗಿ ಹಿಂದಿನಿಂದ ನನ್ನ ಸೊಂಟ ತಬ್ಬಿ ಎಳೆದಳು. ಇಬ್ಬರೂ ಒದ್ದೆ ನೆಲದ ಮೇಲೆ ಬಿದ್ದೆವು. ಸ್ಟೀಲ್ ಬಟ್ಟಲು ಕೊಂಬಿಗೂ ಕಂಬಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ನನ್ನ ಮೊಳಕೈ ಅಲ್ಲಿತ್ತು, ಅರೆಕ್ಷಣದ ಹಿಂದೆ.

ಸಾಹೇಬರು ಕೂಗಾಡಲಿಲ್ಲ. ನಾನು ಇನ್ನು ಮೇಲೆ ಆ ಕಂಬಿಯ ಹತ್ತಿರ ಕಾಲಿಡಬಾರದು, ಇವತ್ತಲ್ಲ, ಮುಂದೆಯೂ ಇಲ್ಲ ಎಂದರು. ಮಧ್ಯಾಹ್ನದ ಹನಿ ತಂಗಿ ಹಾಕಲು ಹೋದಳು, ದೊರೆಸಾನಿ ಬೇಲಿಗೆ ಹೋದಳು. ಸಂಜೆಯದೂ ಅದೇ. ಡಾಕ್ಟರು ಮಂಗಳವಾರದವರೆಗೆ ನೋಡುತ್ತಾರಂತೆ. ಅಷ್ಟರಲ್ಲಿ ನಿಂತು ಹಾಕಿಸಿಕೊಂಡರೆ ಸರಿ, ಇಲ್ಲದಿದ್ದರೆ ಅರಿವಳಿಕೆ ಕೊಟ್ಟು ಮಲಗಿಸುವುದೇ.

ಮಾರ್ಚ್ 28, ಶುಕ್ರವಾರ

ಮೇವಿನ ಗೋದಾಮಿನಲ್ಲಿ ತಂಗಿ ಕ್ಯಾರೆಟ್ ಹೆಚ್ಚುತ್ತಿದ್ದಳು. ಹೋಗಿ ಹೇಳಿದೆ. ಹನ್ನೆರಡನೆಯ ತಾರೀಖಿನಿಂದ ಹೇಳಿದೆ, ಒಂದನ್ನೂ ಬಿಡಲಿಲ್ಲ. ಎಂಟು ಜನರ ಮುಂದೆ ಟಕ್ ಟಕ್ ಎಂದದ್ದನ್ನೂ, ಚಹಾ ಕೊಟ್ಟು ಸುಳ್ಳು ಬುದ್ಧಿ ಹೇಳಿದ್ದನ್ನೂ.

ಅವಳು ಚಾಕು ಕೆಳಗಿಟ್ಟಳು. ಮೂಗಿನ ತುದಿ ಕೆಂಪಾಗಲಿಲ್ಲ. ಅದಕ್ಕೇ ಭಯವಾಯಿತು.

"ನಾನು ಹನ್ನೊಂದು ವರ್ಷ ಆ ಕಿಟಕೀಲಿ ಕೂತು ನಿನ್ನನ್ನ ನೋಡಿದೀನಿ ಅಕ್ಕಾ. ಒಂದಿನಾನಾದ್ರೂ ನಿನ್ನ ಕೆಲಸಕ್ಕೆ ಕಲ್ಲು ಹಾಕಿದ್ನಾ?" ಎಂದಳು.

ನಾನು ಹತ್ತಿರವಿದ್ದ ಮೇವಿನ ಮೂಟೆಯ ಮೇಲೆ ಕೂತೆ.

"ಅವಳ ಕಣ್ಣು ಹೋದ್ರೆ, ಅವಳು ಏಳದೇ ಹೋದ್ರೆ, ನಾನು ನಿನ್ನ ಮುಖ ನೋಡಲ್ಲ. ಅಕ್ಕ ಅಂತ ಕರೆಯಲ್ಲ" ಎಂದಳು.

ಸರಿ ಎಂದೆ. ನಾನು ಇನ್ನು ಆ ಬೇಲಿಯ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದೆ. ಅದರಿಂದ ಆಗಲ್ಲ ಎಂದಳು ತಂಗಿ, ನೆಲ ನೋಡುತ್ತಾ. ಆಮೇಲೆ ತಾನೂ ಒಂದು ಮೂಟೆಯ ಮೇಲೆ ಕೂತು ಹೇಳಿದಳು. "ನೀನು ಬರದೇ ಇದ್ರೂ ಅವಳು ಕಾಯ್ತಾಳೆ. ನೀನು ಆಸ್ಪತ್ರೇಲಿ ಇದ್ದಾಗ, ಮನೇಲಿ ಇದ್ದಾಗ, ಆರು ವಾರಾನೂ ದಿನಾ ಬೆಳಿಗ್ಗೆ ಗೇಟಿನ ಹತ್ರ ಬಂದು ನಿಲ್ತಿದ್ಳು. ಕೊನೇ ದಿನದವರೆಗೂ. ನಾನು ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಕುಂಟ್ಕೊಂಡೇ ಓಡಿ ಬರ್ತಿದ್ದೆ. ನಂಗೆ ನೀನು ಬರೋದು ಬೇಡವಾಗಿತ್ತು."

ಇಬ್ಬರೂ ಮೇವಿನ ಮೂಟೆಗಳ ಮೇಲೆ ಕೂತಿದ್ದೆವು. ಒಬ್ಬಳ ಬಣ್ಣ ಇನ್ನೊಬ್ಬಳಿಗೆ ಗೊತ್ತಾಯಿತು. ದೊರೆಸಾನಿ ಆರು ವಾರ ಕಾದಳಂತೆ. ನಾನು ಕೇಳಬೇಕೆಂದು ಬಯಸಿದ್ದ ಮಾತು ಅದೊಂದೇ, ಕೇಳಿಸಿಕೊಂಡಾಗ ಅದರಿಂದ ಯಾವ ಉಪಯೋಗವೂ ಇಲ್ಲದ ಹಾಗಾಗಿತ್ತು.

ದಾರಿ ನನಗೆ ಗೊತ್ತು. ಕೆಟ್ಟ ಅಭ್ಯಾಸ ಬಿಡಿಸುವುದನ್ನು ಈ ಉದ್ಯಾನದಲ್ಲಿ ಎಲ್ಲರಿಗೂ ಕಲಿಸಿದವಳು ನಾನು. ಬೈಯುವಂತಿಲ್ಲ, ಓಡಿಸುವಂತಿಲ್ಲ. ದೊರೆಸಾನಿಗೆ ಎಲ್ಲಿ ಕ್ಯಾರೆಟ್ ಸಿಗುತ್ತಿತ್ತೋ ಅಲ್ಲೇ ನಾನು ನಿಲ್ಲಬೇಕು. ಬಂದಾಗ ಬೆನ್ನು ತಿರುಗಿಸಬೇಕು. ಕೈ ಖಾಲಿ, ಬಾಯಿ ಮುಚ್ಚಿ, ಅವಳು ಹೋಗುವವರೆಗೆ. ನಾನಿದ್ದರೂ ಇಲ್ಲಿ ಏನೂ ಸಿಗುವುದಿಲ್ಲ ಎಂದು ಅವಳಿಗೆ ತಿಳಿಯಬೇಕು. ನಾನೇ ಹೇಳಿದೆ. ತಂಗಿ ನನ್ನ ಮುಖ ನೋಡಿ, "ಆಗುತ್ತಾ ನಿನ್ನ ಕೈಲಿ?" ಎಂದಳು.

ಮಾರ್ಚ್ 29, ಶನಿವಾರ

ನಾಲ್ಕು ಸಲ ನಿಂತೆ. ನಾಲ್ಕು ಸಲವೂ ಬಂದಳು.

ಬೆನ್ನಿಗೆ ಅವಳ ಉಸಿರು ತಾಗುತ್ತದೆ, ಸೀರೆಯ ಮೇಲಿಂದ ಕೂಡ ಬಿಸಿ ಗೊತ್ತಾಗುತ್ತದೆ. ಮೊದಲು ಮೂಸಿದಳು. ಆಮೇಲೆ ಕುಂಯ್ ಎಂದಳು. ಆಮೇಲೆ ತಂತಿಯನ್ನು ಮೂತಿಯಿಂದ ತಳ್ಳಿದಳು. ಒಂದು ಸಲವಂತೂ ಇಪ್ಪತ್ತು ನಿಮಿಷ ಹೋಗಲೇ ಇಲ್ಲ. ನಾನು ಗೋದಾಮಿನ ಗೋಡೆಯ ಇಟ್ಟಿಗೆ ಎಣಿಸಿದೆ. ತಪ್ಪಿತು, ಮತ್ತೆ ಎಣಿಸಿದೆ.

ಹನಿ ಒಂದೂ ಬೀಳಲಿಲ್ಲ. ಮನೆಗೆ ಬಂದು ಊಟ ಮಾಡಲಿಲ್ಲ. ಮನೆಯವರು ಇವತ್ತು ತಮಾಷೆ ಮಾಡಲಿಲ್ಲ.

ಮಾರ್ಚ್ 30, ಭಾನುವಾರ

ಮೂರು ಸಲ ಬಂದಳು. ಒಂದು ಸಲ ಅರ್ಧ ದಾರಿಗೆ ಬಂದು ನಿಂತು ವಾಪಸು ಹೋದಳು. ಒಂದು ಹನಿ ಬಿತ್ತು.

ತಂಗಿ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಎಷ್ಟು ನಿಮಿಷ, ಎಷ್ಟು ಸಲ, ಅಷ್ಟೇ. ಸರಿಯೇ ಇದೆ. ನನ್ನ ಟೋಪಿ ಮರೆತು ಬಂದಿದ್ದೆ, ಬಿಸಿಲಿನಲ್ಲಿ ನಿಂತಿದ್ದಾಗ ತನ್ನದನ್ನು ತಂದು ನನ್ನ ತಲೆಯ ಮೇಲಿಟ್ಟು ಹೋದಳು.

ಮಾರ್ಚ್ 31, ಸೋಮವಾರ

ಉದ್ಯಾನಕ್ಕೆ ರಜೆ, ನಮಗಿಲ್ಲ. ಎರಡು ಹನಿ.

ಸಾಹೇಬರ ಕೋಣೆಗೆ ಹೋಗಿ ಕ್ಯಾರೆಟ್ ವಿಷಯ ಹೇಳಿದೆ. ಇವತ್ತು ನಿರ್ಧರಿಸುವ ದಿನ ಅಲ್ಲವೇ? ಘೇಂಡಾಮೃಗದ ಮನೆಗೆ ಅವಳನ್ನೇ ಖಾಯಂ ಮಾಡಿ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, ನಾಳೆ ಆಗಲಿ, ಮೊದಲು ಪ್ರಾಣಿ ಉಳಿಯಲಿ ಎಂದರು.

ಏಪ್ರಿಲ್ 1, ಮಂಗಳವಾರ

ಒಂಬತ್ತು ಗಂಟೆಗೆ ಡಾಕ್ಟರ ಗಾಡಿ ಬಂತು. ಅರಿವಳಿಕೆಯ ಪೆಟ್ಟಿಗೆ, ಕ್ರೇನಿನ ಪಟ್ಟಿ, ನಾಲ್ಕು ಜನ. ಕೊನೆಯ ಸಲ ಪ್ರಯತ್ನಿಸಿ ನೋಡಿ ಎಂದರು. ನಾನು ಹಿತ್ತಲ ಬೇಲಿಗೆ ಹೋಗಿ, ತಿರುಗಿ, ಗೋಡೆ ನೋಡುತ್ತಾ ನಿಂತೆ.

ಆ ಕಡೆ ತಂಗಿಯ ದನಿ. ಚೆಂಡಿಗೆ ಮೂಗು ತಾಗಿಸಿದ ಸೀಟಿ. ಈಗ ಬರುತ್ತಾಳೆ ಎಂದು ಬೆನ್ನು ಸೆಟೆದುಕೊಂಡಿತು. ಹೆಜ್ಜೆಯ ಸದ್ದು ಕೇಳಿಸಿತು, ನಾಲ್ಕು ಹೆಜ್ಜೆ, ಭಾರವಾದದ್ದು. ನಿಂತಿತು. ಅವಳು ನಡುದಾರಿಯಲ್ಲಿ ನಿಂತು ನನ್ನ ಕಡೆ ಮೂಗೆತ್ತಿದ್ದಾಳೆ, ನೋಡದೆಯೂ ನನಗೆ ಗೊತ್ತು. ತಿರುಗಿಬಿಡಬೇಕು ಅನ್ನಿಸಿತು. ಒಂದು ಸಲ, ಒಂದೇ ಒಂದು ಸಲ ಟಕ್ ಎನ್ನಬೇಕು ಅನ್ನಿಸಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಹಲ್ಲಿನಿಂದ ಕಚ್ಚಿ ಹಿಡಿದೆ.

ಹೋಗೇ, ನನ್ನವ್ವ, ಅವಳ ಹತ್ತಿರ ಹೋಗು ಎಂದು ಮನಸ್ಸಿನಲ್ಲೇ ಅಂದೆ.

ಹೆಜ್ಜೆಗಳು ಮತ್ತೆ ಶುರುವಾದವು. ನನ್ನ ಕಡೆಗಲ್ಲ. ಸಣ್ಣದಾಗುತ್ತಾ ಹೋದವು. ಕಂಬಿಗೆ ಗದ್ದ ತಾಗಿದ ಠಣ್ ಎಂಬ ಸದ್ದು. ಒಂದು, ಎರಡು, ಮೂರು ಎಂದು ನಾನೂ ಎಣಿಸಿದೆ, ಹತ್ತಕ್ಕೆ ಸೀಟಿ ಊದಲಿಲ್ಲ. ಹದಿನಾಲ್ಕಕ್ಕೆ ಊದಿದಳು. ಉದ್ದನೆಯ ಸೀಟಿ.

ಇನ್ನೂ ಅರ್ಧ ಗಂಟೆ ಅಲ್ಲೇ ನಿಂತೆ, ನಿಯಮ ಅಂದರೆ ನಿಯಮ. ಬೆನ್ನಿಗೆ ಗಾಳಿ ತಾಗಿತು, ಬರಿಯ ಗಾಳಿ. ಅವಳು ಬರಲಿಲ್ಲ. ತಂಗಿ ಓಡಿ ಬಂದು ನನ್ನನ್ನು ಹಿಂದಿನಿಂದ ತಬ್ಬಿಕೊಂಡಳು, ಅವಳ ಮೈಯೆಲ್ಲ ಔಷಧಿ ವಾಸನೆ. ನಾನು ಅಳುತ್ತಿದ್ದದ್ದು ಖುಷಿಗೆ ಎಂದುಕೊಂಡಳು. ಇರಲಿ.

ಡಾಕ್ಟರ ಗಾಡಿ ವಾಪಸು ಹೋಯಿತು.

ಏಪ್ರಿಲ್ 9, ಬುಧವಾರ

ದಿನಾ ನಾಲ್ಕಕ್ಕೆ ನಾಲ್ಕು. ಹುಣ್ಣು ಮಾಯುತ್ತಿದೆ. ಆದೇಶ ಬಂತು, ನನ್ನ ತಂಗಿ ಪುಟ್ಟಿ ಘೇಂಡಾಮೃಗದ ಮನೆಗೆ ಖಾಯಂ. ನನಗೆ ಟಿಕೆಟ್ ಕೋಣೆ, ಜೊತೆಗೆ ಭೇಟಿಯ ಸಮಯದಲ್ಲಿ ಮೈಕು ಹಿಡಿದು ವಿವರಣೆ.

ಪುಟ್ಟಿಗೆ ಆ ಗಮ್‌ಬೂಟು ಎಡಗಾಲಿನಲ್ಲಿ ಸೋರುತ್ತದೆ ಎಂದು ಹೇಳುವುದಿದೆ. ಹೊಸದು ಕೇಳಿ ತೆಗೆಸಿಕೊಳ್ಳಲಿ, ಸುಮ್ಮನೆ ನೆಗಡಿ ಮಾಡಿಕೊಳ್ಳುತ್ತಾಳೆ.

ಏಪ್ರಿಲ್ 13, ಭಾನುವಾರ

ಹತ್ತಿರದ ಭೇಟಿ ಮತ್ತೆ ಶುರು. ಎಂಟು ಜನ, ಹಳದಿ ಗೆರೆ. ನಾನು ಮೈಕು ಹಿಡಿದು ಗೆರೆಯ ಈಚೆ, ಪುಟ್ಟಿ ಕೋಲು ಹಿಡಿದು ಕಂಬಿಯ ಹತ್ತಿರ. ನಾನು ಮಾತು ಶುರು ಮಾಡಿದಾಗ ದೊರೆಸಾನಿಯ ಒಂದು ಕಿವಿ ನನ್ನ ಕಡೆ ತಿರುಗಿತು. ಒಂದೇ ಕಿವಿ. ಸ್ವಲ್ಪ ಹೊತ್ತು ಹಾಗೇ ಇದ್ದು, ಅದೂ ಪುಟ್ಟಿಯ ಕಡೆಗೆ ಹೋಯಿತು.

ಉರಿಯಿತು. ಇಲ್ಲ ಎನ್ನುವುದಿಲ್ಲ, ಇವತ್ತೂ ಉರಿಯಿತು.

ಆದರೂ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಮರಿಯಾಗಿದ್ದಾಗ ಹೇಗೆ ಬಂದಳು, ಯಾವ ಹುಲ್ಲು ಮುಟ್ಟುವುದಿಲ್ಲ, ಗುಡುಗಿದರೆ ಯಾವ ಮೂಲೆಗೆ ಹೋಗಿ ನಿಲ್ಲುತ್ತಾಳೆ, ಕಿವಿಯ ಹಿಂದೆ ಯಾವ ಮಡಿಕೆಯಲ್ಲಿ ತುರಿಸಿದರೆ ಕಣ್ಣು ಮುಚ್ಚುತ್ತಾಳೆ. ಜನ ಒಬ್ಬೊಬ್ಬರಾಗಿ ಹೋಗಿ ಆ ಮಡಿಕೆಯನ್ನೇ ಮುಟ್ಟಿದರು. ಎಡಗಣ್ಣು ಸ್ವಚ್ಛವಾಗಿ ತೆರೆದಿತ್ತು.

ಕೊನೆಗೆ ಮುಟ್ಟಿದವರು ಒಬ್ಬ ವಯಸ್ಸಾದ ಹೆಂಗಸು. ಮುಟ್ಟಿದ ಕೈಯನ್ನು ಎದೆಗಿಟ್ಟುಕೊಂಡು ನನ್ನ ಹತ್ತಿರ ಬಂದರು. "ಇಷ್ಟೆಲ್ಲ ಹೇಳ್ತೀರಲ್ಲಮ್ಮಾ, ಅದಕ್ಕೆ ನಿಮ್ಮ ಗುರುತಿದೆಯಾ?" ಎಂದು ಕೇಳಿದರು.

ಪುಟ್ಟಿಯ ಕೈ ಬಟ್ಟಲಿನಲ್ಲೇ ನಿಂತಿತು. ಅವಳು ನನ್ನನ್ನು ನೋಡಿದಳು, ದೊರೆಸಾನಿ ಅವಳನ್ನು ನೋಡುತ್ತಿದ್ದಳು.

"ಇಲ್ಲಮ್ಮ," ಎಂದೆ. "ಅವಳಿಗೆ ಗೊತ್ತಿರೋದು ನನ್ನ ತಂಗಿ."